ತಡರಾತ್ರಿಯ ನಿದ್ದೆಯನ್ನು ಡೀಬಗ್ ಮಾಡುವುದು ಹೇಗೆ

ಹನ್ನೊಂದಕ್ಕೆ ಮಲಗಬೇಕು ಅಂದುಕೊಂಡು ಒಂದು ಗಂಟೆಗೆ ಮಲಗುವವರು ಸಾಮಾನ್ಯವಾಗಿ ನಾಳೆಯಿಂದ ಗಟ್ಟಿ ಮನಸ್ಸು ಮಾಡುತ್ತೇನೆ ಅನ್ನುತ್ತಾರೆ. ಕೋಡ್ ಕೆಟ್ಟಾಗ ಯಾರೂ ಹಾಗೆ ಮಾಡುವುದಿಲ್ಲ, ಬಗ್ (ತಪ್ಪು) ಎಲ್ಲಿದೆ ಎಂದು ಹುಡುಕುತ್ತಾರೆ. ನಿದ್ದೆಗೂ ಅದೇ ದಾರಿ ಒಳ್ಳೆಯದು.

ಮೊದಲು ಬಗ್ ರಿಪೋರ್ಟ್ ಬರೆಯಿರಿ. ‘ನಿದ್ದೆ ಸರಿಯಿಲ್ಲ’ ಅಂತ ಬರೆದರೆ ಯಾರಿಗೂ ಏನೂ ಮಾಡಲು ಬರುವುದಿಲ್ಲ. ಮೂರು ಸಾಲು ಸಾಕು: ಏನಾಗಬೇಕು (11ಕ್ಕೆ ದೀಪ ಆರಬೇಕು), ಏನಾಗುತ್ತಿದೆ (12:45ಕ್ಕೆ ಆರುತ್ತಿದೆ), ಯಾವಾಗ ಆಗುತ್ತಿದೆ (ವಾರದ ದಿನಗಳಲ್ಲಿ, ಊಟ ತಡವಾದಾಗ).

ಆಮೇಲೆ ಒಂದು ವಾರ ಏನನ್ನೂ ಬದಲಿಸದೆ ಲಾಗ್ ಇಡಿ. ಕೊನೆಯ ಕಾಫಿ ಕುಡಿದದ್ದು, ರಾತ್ರಿ ಊಟ ಮಾಡಿದ್ದು, ಫೋನ್ ಕೆಳಗಿಟ್ಟದ್ದು, ದೀಪ ಆರಿಸಿದ್ದು, ಬೆಳಿಗ್ಗೆ ಎದ್ದದ್ದು ಎಷ್ಟು ಹೊತ್ತಿಗೆ ಎಂಬ ಐದು ಕಾಲಂ ಸಾಕು. ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ತುಂಬಿಸಿ. ರಾತ್ರಿ ಗಡಿಯಾರ ನೋಡುತ್ತಾ ಬರೆದರೆ ಲಾಗ್ ಇಡುವುದೇ ನಿದ್ದೆ ಕೆಡಿಸುತ್ತದೆ. ಫೋನಿನ ಲೆಕ್ಕವನ್ನು ನೆನಪಿನಿಂದ ಬರೆಯಬೇಡಿ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನ ಸ್ಕ್ರೀನ್ ಟೈಮ್ ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದಿರಿ ಎಂದು ತೋರಿಸುತ್ತವೆ.

ಈಗ ತಪ್ಪಿನ ಜಾಗ ಹುಡುಕಬೇಕು. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶದಲ್ಲಿ ಬೈಸೆಕ್ಟ್ ಎಂಬ ಕಮಾಂಡ್ ಇದೆ. ಸಾವಿರ ಕಮಿಟ್‌ಗಳಲ್ಲಿ (ದಾಖಲಾದ ಬದಲಾವಣೆಗಳಲ್ಲಿ) ಕೆಡಿಸಿದ್ದು ಯಾವುದೆಂದು ತಿಳಿಯಲು ಅದು ನಡುವಿನದನ್ನು ಪರೀಕ್ಷೆಗೆ ಮುಂದಿಟ್ಟು, ತಪ್ಪಿರುವ ಅರ್ಧದಲ್ಲಿ ಮತ್ತೆ ನಡುವಿನದನ್ನು ಆರಿಸುತ್ತಾ ಸುಮಾರು 10 ಹೆಜ್ಜೆಯಲ್ಲಿ ಹಿಡಿದುಕೊಡುತ್ತದೆ. ಸಂಜೆ 6ರಿಂದ ರಾತ್ರಿ 1ರವರೆಗಿನ ಹೊತ್ತನ್ನೂ ಹೀಗೇ ಒಡೆಯಿರಿ. 9:30ಕ್ಕೆ ಎಲ್ಲವೂ ಅಂದುಕೊಂಡಂತೆ ನಡೆದಿತ್ತೇ? ಹೌದಾದರೆ 11ರ ಹೊತ್ತಿಗೆ ಏನಾಗಿತ್ತು ನೋಡಿ. ಇಲ್ಲವಾದರೆ 8ಕ್ಕೆ ಹಿಂದೆ ಹೋಗಿ. ಎರಡು ಮೂರು ಪ್ರಶ್ನೆಯಲ್ಲಿ ಜಾಗ ಸಿಗುತ್ತದೆ. ಒಂದು ಎಚ್ಚರಿಕೆ: ಬೇಗ ಹುಟ್ಟಿ ತಡವಾಗಿ ಕಾಣಿಸಿಕೊಳ್ಳುವ ಬಗ್‌ಗಳೂ ಇವೆ. ಕಾಫಿಯ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 6ರ ಕಾಫಿಯ ಅರ್ಧ ಭಾಗ 11ಕ್ಕೂ ಒಳಗೇ ಇರುತ್ತದೆ.

ತಿದ್ದುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ, ಅದಕ್ಕೆ ಐದು ರಾತ್ರಿ. ಕಾಫಿ, ಫೋನ್, ವಾಕಿಂಗ್, ಧ್ಯಾನ ಎಲ್ಲವನ್ನೂ ಒಂದೇ ದಿನ ಹಿಡಿದರೆ, ಸರಿಹೋದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ, ಕೆಟ್ಟಾಗ ಎಲ್ಲವನ್ನೂ ಕೈಬಿಡುತ್ತೀರಿ. ಫೋನೇ ಕಾರಣವಾಗಿದ್ದರೆ ಚಾರ್ಜರನ್ನು ಹಾಲ್‌ಗೆ ಸಾಗಿಸಿ, ಒಂದು ಅಲಾರಂ ಗಡಿಯಾರ ಕೊಳ್ಳಿ. ಗಡಿಯಾರ ಇಲ್ಲದಿದ್ದರೆ ಅಲಾರಂ ನೆಪದಲ್ಲಿ ಫೋನ್ ಮತ್ತೆ ದಿಂಬಿನ ಪಕ್ಕಕ್ಕೇ ಬರುತ್ತದೆ. ಅದಾದ ಮೇಲೆ ಮಲಗುವ ಹೊತ್ತನ್ನು 15 ನಿಮಿಷದಂತೆ ಹಿಂದಕ್ಕೆ ತನ್ನಿ. 12:45ರಿಂದ ನೇರ 11ಕ್ಕೆ ಹಾರಿದರೆ ನಿದ್ದೆ ಬಾರದೆ ಹೊರಳಾಡಿ ಕೊನೆಗೆ ಎದ್ದು ಕೂರುತ್ತೀರಿ. ಏಳುವ ಹೊತ್ತು ಮಾತ್ರ ಭಾನುವಾರವೂ ಬದಲಾಗಬಾರದು.

ರೋಲ್‌ಬ್ಯಾಕ್ ನಿಯಮವನ್ನು ಮೊದಲೇ ಬರೆದಿಡಿ: ಐದರಲ್ಲಿ ಮೂರು ರಾತ್ರಿ ತಪ್ಪಿದರೆ, ಕೊನೆಯದಾಗಿ ಸರಿಯಾಗಿ ನಡೆದ ಹೊತ್ತಿಗೆ ಹಿಂತಿರುಗುವುದು. 12ಕ್ಕೆ ಆಗಲಿಲ್ಲವೆಂದರೆ 12:15 ಇದ್ದೇ ಇದೆ. ಮತ್ತೆ 12:45ಕ್ಕೆ ಹೋಗಬೇಕಾಗಿಲ್ಲ.

ಬೆಂಗಳೂರಿನ ಐಟಿಯವರಿಗೆ ಅಮೆರಿಕದ ತಂಡದ ಜೊತೆ ರಾತ್ರಿ ಕಾಲ್ ಇರುತ್ತದೆ. ಅದು ನಿಮ್ಮ ಕೈಯಲ್ಲಿಲ್ಲದ ಡಿಪೆಂಡೆನ್ಸಿ, ಅಂದರೆ ಬೇರೆಯವರನ್ನು ಅವಲಂಬಿಸಿದ ಸಂಗತಿ. ಆ ದಿನಗಳಿಗೆ ಬೇರೆ ಗುರಿ ಇಡಿ: ಕಾಲ್‌ಗೆ ಮುಂಚೆಯೇ ಊಟ, ಕಾಲ್ ಮುಗಿದ ಒಂದು ಗಂಟೆಯೊಳಗೆ ದೀಪ ಆರಬೇಕು.

ಭಾನುವಾರ 15 ನಿಮಿಷ ರೆಟ್ರೊ, ಅಂದರೆ ಕಳೆದ ವಾರದ ಹಿನ್ನೋಟ, ಮಾಡಿ. ತಪ್ಪಿದ ರಾತ್ರಿಗೆ ‘ನನ್ನ ಸೋಮಾರಿತನ’ ಎಂದು ಕಾರಣ ಬರೆಯಬೇಡಿ, ಅದರಿಂದ ಮುಂದಿನ ವಾರ ಬದಲಿಸಲು ಏನೂ ಸಿಗುವುದಿಲ್ಲ. ಏಕೆ ಎಂದು ಕೇಳುತ್ತಾ ಹೋಗಿ. ಫೋನ್ ಏಕೆ ಕೋಣೆಗೆ ಬಂತು? ಚಾರ್ಜರ್ ಅಲ್ಲೇ ಇತ್ತು. ಏಕೆ? ಹಾಲ್‌ನ ಪ್ಲಗ್‌ನಲ್ಲಿ ವೈಫೈ ರೂಟರ್ ಇದೆ. ಹಾಗಾದರೆ ಬೇಕಾದದ್ದು ಒಂದು ಎಕ್ಸ್‌ಟೆನ್ಷನ್ ಬೋರ್ಡ್. ನಮ್ಮ ಪ್ರಕಾರ ಇಡೀ ಕ್ರಮದಲ್ಲಿ ಹೆಚ್ಚು ಫಲ ಕೊಡುವುದು ಈ ಹದಿನೈದು ನಿಮಿಷವೇ.

ಎರಡು ವಾರ ನಿದ್ದೆ ಸ್ಥಿರವಾಗುವ ತನಕ ಜಿಮ್, ಡಯಟ್ ಇತ್ಯಾದಿ ಹೊಸ ಟಿಕೆಟ್ (ಕೈಗೆತ್ತಿಕೊಳ್ಳುವ ಕೆಲಸ) ತೆರೆಯಬೇಡಿ. ಇನ್ನು ಜೋರು ಗೊರಕೆಯಿದ್ದು, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ ಬರುತ್ತಿದ್ದರೆ ಅದು ಅಭ್ಯಾಸದ ಬಗ್ ಅಲ್ಲದಿರಬಹುದು. ಲಾಗ್ ಹಾಳೆಯನ್ನು ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.