ಮನೇಲಿ ಹಿರಿಯರಿಗೆ ಮರೆವು ಜಾಸ್ತಿ ಆಯ್ತಾ? ಮೊದ್ಲು ಮಾತ್ರೆ ಡಬ್ಬ ಸುರಿದು ನೋಡಿ

ಅರವತ್ತಕ್ಕೆ ಅರಳುಮರಳು ಅಂತ ಹೇಳಿ ಸುಮ್ನಾಗಿಬಿಡ್ತೀವಲ್ಲ, ಆ ತಪ್ಪು ನಾನೂ ಮಾಡಿದ್ದೆ. ನಮ್ಮತ್ತೆಗೆ 76, ಚಳಿಗಾಲ ಪೂರ್ತಿ ನೆಗಡಿ, ದಿನಾ ರಾತ್ರಿ ಒಂದು ನೆಗಡಿ ಮಾತ್ರೆ ನುಂಗಿ ಮಲಗೋರು, ಬೆಳಗ್ಗೆ ಎದ್ದು ಹಾಲು ಕಾಯ್ಸಿದ್ನಾ ಅಂತ ಮೂರು ಮೂರು ಸಲ ಕೇಳೋರು, ಹಾಲು ನೋಡಿದ್ರೆ ಅವ್ರ ಕಣ್ಣೆದುರಿಗೇ ಉಕ್ತಾ ಇರೋದು. ಡಾಕ್ಟ್ರ ಹತ್ರ ಹೋದ್ರೆ ಅವ್ರು ತಲೆ ಸ್ಕ್ಯಾನ್ ಬಗ್ಗೆ ಮಾತೇ ಎತ್ಲಿಲ್ಲ, ಮೊದ್ಲು ಮನೇಲಿರೋ ಮಾತ್ರೆ ಎಲ್ಲಾ ತನ್ನಿ ಅಂದ್ರು.

ಯಾಕೆ ಅಂದ್ರೆ, ನಮ್ಮ ಮೆದುಳಿನ ಹೆಚ್ಚಿನ ಜೀವಕೋಶಗಳು ಒಂದಕ್ಕೊಂದು ಅಂಟ್ಕೊಂಡಿರಲ್ಲ, ನಡುವೆ ಸುಮಾರು 20 ನ್ಯಾನೋಮೀಟರ್ ಸಂದಿ, ಸಂದಿ ಸಮೇತ ಆ ಸೇರೋ ಜಾಗಕ್ಕೆ ಸಿನಾಪ್ಸ್ ಅಂತಾರೆ. ಒಂದು ಕೋಶ ಆ ಸಂದಿಗೆ ರಾಸಾಯನಿಕ ಬಿಡುತ್ತೆ, ಆಚೆ ಕೋಶದ ರಿಸೆಪ್ಟರ್ ಅದನ್ನ ಹಿಡ್ಕೊಳುತ್ತೆ, ಸುದ್ದಿ ಮುಟ್ಟಿತು. ನೆನಪಿಗೆ, ಗಮನಕ್ಕೆ ಬೇಕಾದ ಅಂಥ ಒಂದು ರಾಸಾಯನಿಕ ಅಸಿಟೈಲ್‌ಕೋಲಿನ್. (ನರ ಹೀಗೆ ರಾಸಾಯನಿಕದಿಂದ ಮಾತಾಡುತ್ತೆ ಅಂತ 1921ರಲ್ಲಿ ಆಟೋ ಲೋವಿ ಅನ್ನೋ ವಿಜ್ಞಾನಿ ಕಪ್ಪೆ ಹೃದಯ ಇಟ್ಕೊಂಡು ತೋರಿಸಿದ್ದು: ಒಂದು ಹೃದಯದ ನರ ಕೆಣಕಿ ಬಡಿತ ನಿಧಾನ ಮಾಡಿ, ಅದರ ಸುತ್ತ ಇದ್ದ ದ್ರವ ತೆಗೆದು ಇನ್ನೊಂದಕ್ಕೆ ಹಾಕಿದ್ರೆ ಅದೂ ನಿಧಾನ ಆಯ್ತು. 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು.) ಆಲ್ಜೈಮರ್ ಕಾಯಿಲೇಲಿ ಈ ಅಸಿಟೈಲ್‌ಕೋಲಿನ್ ಕಳಿಸೋ ಕೋಶಗಳು ತುಂಬಾನೇ ಸಾಯ್ತವೆ, ಬರೀ ವಯಸ್ಸಾದ್ರೂ ಈ ವ್ಯವಸ್ಥೆ ಸ್ವಲ್ಪ ಸೊರಗುತ್ತೆ.

ಈಗ ಮಾತ್ರೆಗೆ ಬರೋಣ. ಕೆಲವು ಮಾತ್ರೆ ಹೋಗಿ ಆ ರಿಸೆಪ್ಟರ್ ಮೇಲೆ ಕೂತ್ಕೊಳುತ್ತೆ, ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ, ತಾನೂ ಏನೂ ಮಾಡಲ್ಲ, ಬೇರೆಯವರಿಗೂ ಬಿಡಲ್ಲ. ಇವಕ್ಕೆ ಆಂಟಿಕೋಲಿನರ್ಜಿಕ್ ಅಂತಾರೆ.

ಡಬ್ಬ ನೆಲಕ್ಕೆ ಸುರಿದು ಒಂದೊಂದೇ ಸ್ಟ್ರಿಪ್ ತಿರುಗ್ಸಿ ಸಣ್ಣ ಅಕ್ಷರ ಓದಿ, ಬ್ರ್ಯಾಂಡ್ ಹೆಸರಲ್ಲ, ಒಳಗಿನ ಔಷಧಿ ಹೆಸರು. ನೆಗಡಿ ಮಾತ್ರೇಲಿ ಕ್ಲೋರ್‌ಫೆನಿರಮಿನ್, ಕೆಲವು ಕೆಮ್ಮಿನ ಸಿರಪ್ಪಲ್ಲಿ ಡೈಫೆನ್‌ಹೈಡ್ರಮಿನ್, ತುರಿಕೆಗೆ ಹೈಡ್ರಾಕ್ಸಿಜಿನ್, ಹೊಟ್ಟೆ ಹಿಡಿತಕ್ಕೆ ಡೈಸೈಕ್ಲೊಮಿನ್, ನರನೋವಿಗೂ ನಿದ್ದೆಗೂ ಕೊಡೋ ಅಮಿಟ್ರಿಪ್ಟಿಲಿನ್, ಪದೇ ಪದೇ ಮೂತ್ರ ಬರೋದಕ್ಕೆ ಆಕ್ಸಿಬ್ಯುಟಿನಿನ್, ಕೈ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್. ಮೆಡಿಕಲ್ ಶಾಪಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟಿರ್ತಾರೆ ನೋಡಿ, ಹೆಸರಿರೋ ತುಂಡೇ ಇರಲ್ಲ, ನಮ್ಮ ಡಬ್ಬದಲ್ಲಿ ಅಂಥವು ಐದು ಸಿಕ್ಕಿದ್ವು, ಅವನ್ನ ಬೇರೆ ಕವರ್‌ಗೆ ಹಾಕಿ, ಯಾರಿಗೂ ಕೊಡ್ಬೇಡಿ.

ಜೊತೆಗೆ ಬಾಯಿ ಒಣಗುತ್ತಾ, ಮಲಬದ್ಧತೆ ಇದ್ಯಾ, ಕಣ್ಣು ಮಂಜಾ, ಮೂತ್ರ ಸಲೀಸಾಗಿ ಹೋಗುತ್ತಾ ಅಂತ ಕೇಳಿ ಬರ್ಕೊಳಿ, ಯಾಕಂದ್ರೆ ಅಸಿಟೈಲ್‌ಕೋಲಿನ್ ಮೆದುಳಲ್ಲಷ್ಟೇ ಅಲ್ಲ ಕರುಳು, ಮೂತ್ರಚೀಲ, ಜೊಲ್ಲುಗ್ರಂಥಿಗೂ ಬೇಕು. ಮಾತ್ರೆ ಯಾವತ್ತು ಶುರುವಾಯ್ತು, ಮರೆವು ಯಾವತ್ತು ಶುರುವಾಯ್ತು, ಎರಡೂ ಅಕ್ಕಪಕ್ಕ ಬರೀರಿ.

ಆದ್ರೆ ನೀವೇ ಯಾವುದನ್ನೂ ತಟ್ಟನೆ ನಿಲ್ಲಿಸ್ಬೇಡಿ, ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್ ತರದ್ದು ದಿಢೀರ್ ಬಿಟ್ರೆ ಬೇರೇನೇ ತೊಂದ್ರೆ ಶುರುವಾಗುತ್ತೆ. ಪಟ್ಟಿ ತಗೊಂಡೋಗಿ, ಇದಕ್ಕೆ ಬದಲಿ ಇದ್ಯಾ ಅಂತ ಡಾಕ್ಟ್ರನ್ನೇ ಕೇಳಿ. ಬಿ12, ಥೈರಾಯ್ಡ್ ಟೆಸ್ಟೂ ಅದೇ ಸಲ ಮಾಡ್ಸಿ, ಮರೆವಿಗೆ ಅವೂ ಕಾರಣ ಇರಬಹುದು. ಹಾಂ, ನಿನ್ನೆ ಚೆನ್ನಾಗಿದ್ದೋರು ಇವತ್ತು ಏನೇನೋ ಮಾತಾಡ್ತಿದಾರೆ ಅಂದ್ರೆ ಪಟ್ಟಿಗಿಟ್ಟಿ ಬಿಟ್ಟು ಸೀದಾ ಆಸ್ಪತ್ರೆಗೆ ಹೋಗಿ, ಸೋಂಕಿರಬಹುದು, ಸೋಡಿಯಂ ಇಳಿದಿರಬಹುದು, ಪಾರ್ಶ್ವವಾಯುನೂ ಇರಬಹುದು.

ಆಲ್ಜೈಮರ್ ಅಂತ ಆಗ್ಲೇ ಗೊತ್ತಾಗಿ ಡೊನೆಪೆಜಿಲ್ ಕೊಡ್ತಿದ್ರೆ ಇನ್ನೂ ಹುಷಾರಾಗಿರ್ಬೇಕು. ಸಂದೀಲಿರೋ ಅಸಿಟೈಲ್‌ಕೋಲಿನ್‌ನ ಒಡೆದುಹಾಕೋ ಕಿಣ್ವವನ್ನ ಈ ಮಾತ್ರೆ ತಡೆಯುತ್ತೆ, ಇದ್ದಷ್ಟು ಸುದ್ದಿ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತೆ, ಕಾಯಿಲೆ ಮಾತ್ರ ನಿಲ್ಲಲ್ಲ. ಇದರಿಂದ ಕೆಲವರಿಗೆ ಮೂತ್ರದ ಅವಸರ ಜಾಸ್ತಿಯಾಗುತ್ತೆ, ಅದಕ್ಕೆ ಇನ್ನೊಬ್ಬ ಡಾಕ್ಟ್ರು ಆಕ್ಸಿಬ್ಯುಟಿನಿನ್ ಬರೀತಾರೆ, ಎತ್ತು ಏರಿಗೆ ಕೋಣ ನೀರಿಗೆ. ರಾತ್ರಿ ಕೆಟ್ಟ ಕನಸು ಬಿದ್ರೆ ಬೆಳಗ್ಗೆ ಕೊಡಬಹುದಾ ಅಂತ ಕೇಳಿ, ತಲೆಸುತ್ತು ಬಂದ್ರೆ ಅಥವಾ ನಾಡಿ ನಿಧಾನ ಆದ್ರೆ ತಕ್ಷಣ ಹೇಳಿ.

ನಮ್ಮತ್ತೆಗೆ ನೆಗಡಿ ಮಾತ್ರೆ ಬದಲಾಯ್ಸಿ ಎರಡು ವಾರಕ್ಕೆ ಹಾಲಿನ ಪ್ರಶ್ನೆ ನಿಂತಿತು. ಹೆಸರು ಮರೆಯೋದು ಹಾಗೇ ಇದೆ, ಅದಕ್ಕೆ ಆರು ತಿಂಗಳಿಗೆ ಮತ್ತೆ ಬರೋಕೆ ಹೇಳಿದಾರೆ.