ಅವಳಿ ಬಸಿರು: ಹೆರಿಗೆ ಬೇಗ ಆದೀತಾ ಎಂದು ಮೊದಲೇ ತಿಳಿಯುವುದು ಹೇಗೆ?

ಹೊಟ್ಟೆಯಲ್ಲಿ ಅವಳಿ ಮಕ್ಕಳಿದ್ದರೆ 40 ವಾರದ ಲೆಕ್ಕ ಇಟ್ಟುಕೊಳ್ಳಬೇಡಿ. ಎಲ್ಲ ಸರಿಯಿದ್ದರೂ ವೈದ್ಯರು ಸಾಮಾನ್ಯವಾಗಿ 36ರಿಂದ 38 ವಾರದೊಳಗೆ ಹೆರಿಗೆ ಮಾಡಿಸುತ್ತಾರೆ. ಅಷ್ಟೂ ಕಾಯದೆ, 37 ವಾರದೊಳಗೇ ಹುಟ್ಟುವ ಅವಳಿಗಳು ಅರ್ಧಕ್ಕಿಂತ ಜಾಸ್ತಿ. ಹತ್ತರಲ್ಲಿ ಸುಮಾರು ಒಂದು ಬಸಿರು 32 ವಾರವನ್ನೂ ಮುಟ್ಟುವುದಿಲ್ಲ. 35ನೇ ವಾರದಲ್ಲಿ ಹುಟ್ಟಿದ ಮಗು ಹಾಲು ಕುಡಿಯಲು ಕೆಲವು ದಿನ ಕಷ್ಟಪಟ್ಟೀತು. 28ನೇ ವಾರದ ಮಗುವಿಗೆ ಉಸಿರಾಟವೇ ಕಷ್ಟ. ಇಷ್ಟು ಬೇಗ ಹೆರಿಗೆಯಾಗುವ ಅಪಾಯ ಯಾರಿಗಿದೆ ಎಂದು ಗುರುತಿಸಲು ಸದ್ಯಕ್ಕಿರುವ ಒಳ್ಳೆಯ ದಾರಿ ಗರ್ಭಕೊರಳಿನ ಉದ್ದ ಅಳೆಯುವುದು.

ಗರ್ಭಕೊರಳು ಎಂದರೆ ಗರ್ಭಕೋಶದ ಕೆಳಭಾಗ. ಐದನೇ ತಿಂಗಳಲ್ಲಿ ಇದು ಸಾಮಾನ್ಯವಾಗಿ 35–40 ಮಿಲಿಮೀಟರ್ ಸುತ್ತಮುತ್ತ ಇರುತ್ತದೆ. ಹೆರಿಗೆ ಹತ್ತಿರವಾದಂತೆ ಮೆತ್ತಗಾಗಿ, ಗಿಡ್ಡವಾಗಿ, ತೆರೆದುಕೊಳ್ಳುತ್ತದೆ. ಈ ತೆರೆಯುವಿಕೆ ಶುರುವಾಗುವುದು ಒಳತುದಿಯಿಂದ. ಹಾಗಾಗಿ ಬೆರಳಿಟ್ಟು ಪರೀಕ್ಷಿಸಿದಾಗ ಮುಚ್ಚಿದಂತೆಯೇ ಅನಿಸಬಹುದು, ನೋವೂ ಇರದಿರಬಹುದು. ಅದಕ್ಕೇ ಸ್ಕ್ಯಾನ್ ಬೇಕು.

ಯಾವಾಗ?

18ರಿಂದ 24 ವಾರದೊಳಗೆ. ಮಕ್ಕಳ ಅಂಗಾಂಗ ಸರಿಯಿದೆಯೇ ಎಂದು ನೋಡುವ ಅನಾಮಲಿ ಸ್ಕ್ಯಾನ್ ದಿನವೇ ಇದನ್ನೂ ಮುಗಿಸಬಹುದು. ಸ್ಕ್ಯಾನ್ ಬುಕ್ ಮಾಡುವಾಗಲೇ ‘ಅವಳಿ ಇದೆ, ಟಿವಿಎಸ್‌ನಲ್ಲಿ ಗರ್ಭಕೊರಳನ್ನೂ ನೋಡ್ತೀರಾ?’ ಎಂದು ಕೇಳಿಬಿಡಿ. ಟಿವಿಎಸ್ ಎಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್. ತಡವಾದಷ್ಟೂ ಈ ಅಳತೆಯ ಬೆಲೆ ಕಡಿಮೆ. ಕೊನೆಯ ತಿಂಗಳುಗಳಲ್ಲಿ ಕೊರಳು ತಾನಾಗಿಯೇ ಗಿಡ್ಡವಾಗುತ್ತದೆ.

ಅಳೆಯುವುದು ಹೇಗೆ?

ಮೊದಲು ಮೂತ್ರ ಮಾಡಿ ಬನ್ನಿ. ಸ್ಕ್ಯಾನ್ ಅಂದರೆ ಬಾಟಲಿಗಟ್ಟಲೆ ನೀರು ಕುಡಿದು ಕೂರುವುದು ನಮ್ಮಲ್ಲಿ ರೂಢಿ. ಇಲ್ಲಿ ಅದು ಉಲ್ಟಾ. ತುಂಬಿದ ಮೂತ್ರಕೋಶ ಕೊರಳನ್ನು ಒತ್ತಿ, ಇರುವುದಕ್ಕಿಂತ ಉದ್ದ ತೋರಿಸುತ್ತದೆ. ಹೊಟ್ಟೆ ಮೇಲಿನಿಂದ ಅಳೆದರೆ ಸಾಕಾಗದಿರುವುದಕ್ಕೆ ಇದೂ ಒಂದು ಕಾರಣ. ಮಗುವಿನ ತಲೆ ಅಡ್ಡ ಬರುವುದು ಇನ್ನೊಂದು.

ಟಿವಿಎಸ್ ಎಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್. ತೆಳ್ಳನೆಯ ಪ್ರೋಬ್‌ಗೆ ಕವರ್ ಹಾಕಿ, ಜೆಲ್ ಹಚ್ಚಿ ಒಳಗಿಡುತ್ತಾರೆ. ಸ್ವಲ್ಪ ಮುಜುಗರ, ಅಷ್ಟೆ. ಮಕ್ಕಳಿಗೆ ಏನಾದರೂ ಆದೀತು ಎಂದು ಮನೆಯವರು ಬೇಡವೆನ್ನುವುದುಂಟು. ಇದರಿಂದ ಗರ್ಭ ಜಾರುವುದಿಲ್ಲ, ಸೋಂಕೂ ಹೆಚ್ಚುವುದಿಲ್ಲ.

ನಿಜವಾದ ಕೈಚಳಕ ಮುಂದಿದೆ. ಪ್ರೋಬನ್ನು ಒತ್ತಿ ಹಿಡಿದರೆ ಮತ್ತೆ ಕೊರಳು ಉದ್ದ ಕಾಣುತ್ತದೆ. ಆದ್ದರಿಂದ ಮೊದಲು ಚಿತ್ರ ಸಿಗುವವರೆಗೆ ಒಳಗಿಟ್ಟು, ಮಸುಕಾಗುವಷ್ಟು ಹಿಂದೆಳೆದು, ಚಿತ್ರ ಸ್ಪಷ್ಟವಾಗಲು ಬೇಕಾದಷ್ಟೇ ಮತ್ತೆ ತಾಗಿಸಬೇಕು. ಪರದೆಯಲ್ಲಿ ಕೊರಳಿನ ಮುಂದಿನ, ಹಿಂದಿನ ಗೋಡೆಗಳು ಹೆಚ್ಚುಕಡಿಮೆ ಒಂದೇ ದಪ್ಪ ಇದ್ದರೆ ಒತ್ತಡ ಸರಿಯಾಗಿದೆ ಎಂದರ್ಥ. ಒಳಬಾಯಿಯಿಂದ ಹೊರಬಾಯಿಗೆ ಗೆರೆ ಎಳೆಯುತ್ತಾರೆ. ಮೂರು ಬಾರಿ ಅಳೆದು, ಇರುವುದರಲ್ಲಿ ಗಿಡ್ಡದ್ದನ್ನು ಬರೆದುಕೊಳ್ಳುತ್ತಾರೆ. ನೋಡುತ್ತಿದ್ದಂತೆಯೇ ಕೊರಳು ಬದಲಾಗಬಹುದು, ಹಾಗಾಗಿ ಮೂರರಿಂದ ಐದು ನಿಮಿಷ ಕೊಡಬೇಕು. ಅರ್ಧ ನಿಮಿಷದಲ್ಲಿ ಮುಗಿಸಿದ ಅಳತೆಯನ್ನು ನಾನಂತೂ ನಂಬುವುದಿಲ್ಲ.

ರಿಪೋರ್ಟ್ ಓದುವುದು

‘ಸರ್ವಿಕಲ್ ಲೆಂತ್ 3.2 ಸೆಂ.ಮೀ, ಇಂಟರ್ನಲ್ ಆಸ್ ಕ್ಲೋಸ್ಡ್’ ಎಂದಿದ್ದರೆ 32 ಮಿಲಿಮೀಟರ್, ಒಳಬಾಯಿ ಮುಚ್ಚಿದೆ. ‘ಫನೆಲಿಂಗ್’ ಎಂದಿದ್ದರೆ ಒಳಬಾಯಿ ಆಲಿಕೆಯಂತೆ ತೆರೆದಿದೆ. ಅವಳಿ ಬಸಿರಿನಲ್ಲಿ 25 ಮಿ.ಮೀ ಅಥವಾ ಕಡಿಮೆ ಇದ್ದರೆ ಗಿಡ್ಡ ಎನ್ನುತ್ತಾರೆ. 20ಕ್ಕಿಂತ ಕೆಳಗಿಳಿದರೆ ಚಿಂತೆ ಹೆಚ್ಚು. ಸಂಖ್ಯೆಯ ಪಕ್ಕ ವಾರವನ್ನೂ ನೋಡಿ: 18ನೇ ವಾರದ 22 ಮಿ.ಮೀಗೂ 24ನೇ ವಾರದ 22 ಮಿ.ಮೀಗೂ ತುಂಬಾ ವ್ಯತ್ಯಾಸವಿದೆ.

ಹಾಗಂತ ಇದು ಭವಿಷ್ಯವಾಣಿಯಲ್ಲ. ಗಿಡ್ಡ ಕೊರಳಿದ್ದೂ 36 ವಾರ ದಾಟಿದವರು ಎಷ್ಟೋ ಮಂದಿ. ಇನ್ನು ಉದ್ದ ಕೊರಳಿದ್ದರೂ ಬಿ.ಪಿ. ಏರಿ, ಇಲ್ಲವೇ ನೀರು ಒಡೆದು ಬೇಗ ಹೆರಿಗೆಯಾಗಬಹುದು.

ಗಿಡ್ಡ ಇದ್ದರೆ?

ಯೋನಿಯಲ್ಲಿಡುವ ಪ್ರೊಜೆಸ್ಟರಾನ್ ಮಾತ್ರೆಯನ್ನು ವೈದ್ಯರು ಸೂಚಿಸಬಹುದು. ಕೊರಳು ಗಿಡ್ಡ ಇರುವವರಿಗೆ ಇದು ನೆರವಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳುತ್ತದೆ. ಅವಳಿ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಕೊಟ್ಟರೆ ಉಪಯೋಗವಿಲ್ಲ. 2021ರಲ್ಲಿ ಪ್ರಕಟವಾದ ‘ಎವೆಂಟ್ಸ್’ ಎಂಬ ಯುರೋಪಿನ ಅಧ್ಯಯನದಲ್ಲಿ ಇದು ಸ್ಪಷ್ಟವಾಯಿತು. ಕೊರಳಿಗೆ ಹಾಕುವ ಸಿಲಿಕೋನ್ ಉಂಗುರದಿಂದಲೂ ಲಾಭ ಕಾಣಲಿಲ್ಲ ಎಂದು ಅದೇ ವರ್ಷದ ‘ಸ್ಟಾಪಿಟ್-2’ ತೋರಿಸಿತು. ಕೊರಳು ತೆರೆಯದಂತೆ ಹಾಕುವ ಹೊಲಿಗೆಯನ್ನು ಅವಳಿಗಳಲ್ಲಿ ಬರೀ ಅಳತೆ ನೋಡಿ ಹಾಕುವುದಿಲ್ಲ. ಬಾಯಿ ಆಗಲೇ ತೆರೆದಿದ್ದರೆ ಆ ಮಾತು ಬೇರೆ.

ಇನ್ನು ‘ಮಂಚ ಬಿಟ್ಟು ಏಳಬೇಡ’ ಎಂಬ ಸಲಹೆ. ಹಾಸಿಗೆ ಹಿಡಿದು ಮಲಗಿದರೆ ಹೆರಿಗೆ ಮುಂದೆ ಹೋಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ಭಾರ ಎತ್ತಬೇಡಿ, ಸುಸ್ತಾದರೆ ಕೂತುಕೊಳ್ಳಿ, ಸಾಕು.

ಈ ಅಳತೆಯ ದೊಡ್ಡ ಲಾಭ ತಯಾರಿ ಮಾಡಿಕೊಳ್ಳಲು ಸಮಯ ಸಿಗುವುದು. ಮಕ್ಕಳ ಶ್ವಾಸಕೋಶ ಬಲಿಯಲು ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಹೆರಿಗೆಗೆ ಹಿಂದಿನ ಒಂದು ವಾರದೊಳಗೆ ಬಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಕೊರಳು ಗಿಡ್ಡ ಎಂದು ಅಂದೇ ಚುಚ್ಚುವುದಿಲ್ಲ. ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಸೊಂಟನೋವು, ನೀರು ಹೋಗುವುದು, ರಕ್ತ ಕಾಣುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಹೋಗುವ ಯೋಚನೆ ಇದ್ದರೆ, ಅಲ್ಲಿನ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಇದೆಯಾ, ಒಟ್ಟಿಗೆ ಎರಡು ಮಕ್ಕಳನ್ನು ನೋಡಿಕೊಳ್ಳಲು ಆಗುತ್ತಾ ಎಂದು ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಅಮ್ಮನನ್ನೇ ನಿಮ್ಮ ಮನೆಗೆ ಕರೆಸಿಕೊಳ್ಳಿ.