ಸೋವಿಯತ್ ನಾಯಕರ ಲೆಕ್ಕ ನೋಡುವುದು ಹೇಗೆ

ನಾನು ಸಹಕಾರ ಸಂಘಗಳ ಆಡಿಟ್ ಮಾಡಿ ನಿವೃತ್ತನಾದವನು. ಹಾವೇರಿ, ಗದಗ ಕಡೆಯ ಹಳ್ಳಿ ಸಂಘಗಳ ಕಿರ್ದಿ, ಖಾತೆ, ವೋಚರು ತಿರುವಿ ಹಾಕಿದ್ದೇ ನನ್ನ ಕೆಲಸ. ಓದಿನ ಚಟ ಮಾತ್ರ ರಷ್ಯಾದ್ದು. ನಮ್ಮ ಕಾಲೇಜು ದಿನಗಳಲ್ಲಿ ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ಅಗ್ಗಕ್ಕೆ ಸಿಗುತ್ತಿದ್ದವು. ಅವುಗಳಲ್ಲಿ ತಪ್ಪು ಮಾಡಿದ ನಾಯಕ ಒಬ್ಬನೂ ಇರಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿದ್ದದ್ದೇ ತಡ, ಬೇರೆ ಥರದ ಪುಸ್ತಕ ಬಂದವು. ಅವುಗಳಲ್ಲಿ ಒಳ್ಳೆಯದು ಮಾಡಿದ ನಾಯಕ ಒಬ್ಬನೂ ಇರಲಿಲ್ಲ. ಎರಡೂ ಲೆಕ್ಕದ ಪುಸ್ತಕ ನೋಡದೆ ಬರೆದ ವರದಿಗಳೇ.

ಮನೆಗೆ ಬರುವ ಹುಡುಗರು “ಕಾಕಾ, ಸ್ಟಾಲಿನ್ ಒಳ್ಳೆಯವನೋ ಕೆಟ್ಟವನೋ, ಒಂದ ಮಾತಿನಾಗ ಹೇಳ್ರಿ” ಎನ್ನುತ್ತಾರೆ. ಈ ಆಸೆ ನನಗೆ ಹೊಸದಲ್ಲ. ಸಂಘಗಳಿಗೆ ನಾವು ಎ, ಬಿ, ಸಿ, ಡಿ ಅಂತ ವರ್ಗ ಕೊಡುತ್ತಿದ್ದೆವು. ಅಧ್ಯಕ್ಷರು ವರದಿ ಕೈಗೆ ಬಂದ ಕೂಡಲೇ ಹುಡುಕುತ್ತಿದ್ದದ್ದು ಆ ಅಕ್ಷರವನ್ನೇ. ಆದರೆ ಅಕ್ಷರ ಬರೆಯುವುದು ಕೊನೆಗೆ. ಅದಕ್ಕೆ ಮೊದಲಿನ ಪುಟಗಳನ್ನು ತುಂಬುವುದು ಹೇಗೆ, ಅದನ್ನಷ್ಟೇ ಹೇಳುತ್ತೇನೆ.

ಆರಂಭದ ಶಿಲ್ಕು ನೋಡಿ

ಕುರ್ಚಿಗೆ ಬಂದಾಗ ಕೈಗೆ ಸಿಕ್ಕಿದ್ದೇನು, ಬಿಟ್ಟು ಹೋದಾಗ ಉಳಿಸಿದ್ದೇನು? ಇದು ಮೊದಲ ಕೆಲಸ. 1897ರ ಜನಗಣತಿಯ ಪ್ರಕಾರ ರಷ್ಯಾ ಸಾಮ್ರಾಜ್ಯದಲ್ಲಿ ಓದು ಬರಹ ಬಲ್ಲವರು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. 1939ರ ಗಣತಿಯಲ್ಲಿ ಐದರಲ್ಲಿ ನಾಲ್ಕು ಪಾಲು. ಇದನ್ನು ಧಾರಾಳವಾಗಿ ಜಮಾ ಕಡೆ ಬರೆಯಿರಿ. ಜೊತೆಗೆ ಪಕ್ಕದಲ್ಲೊಂದು ಷರಾ ಹಾಕಿ: ಝಾರ್ ಕಾಲದಲ್ಲೇ, 1914ರ ಯುದ್ಧಕ್ಕೆ ಮೊದಲೇ, ಹಳ್ಳಿ ಶಾಲೆಗಳು ಹೆಚ್ಚುತ್ತಿದ್ದವು. ಬೆಳವಣಿಗೆ ಪೂರ್ತಿ ಶೂನ್ಯದಿಂದ ಶುರುವಾದದ್ದಲ್ಲ.

ಕೆಟ್ಟದ್ದಕ್ಕೂ ಆರಂಭದ ಶಿಲ್ಕು ಇರುತ್ತದೆ. ಸ್ಟಾಲಿನ್ ಕೆಡಿಸಿದ, ಲೆನಿನ್ ಇದ್ದಿದ್ದರೆ ಸರಿಯಿರುತ್ತಿತ್ತು ಅನ್ನುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ. ಚೇಕಾ ಎಂಬ ರಹಸ್ಯ ಪೊಲೀಸ್ ಹುಟ್ಟಿದ್ದು 1917ರ ಡಿಸೆಂಬರಿನಲ್ಲಿ. ಜನ ಆರಿಸಿದ ಸಂವಿಧಾನ ಸಭೆಯನ್ನು ಒಂದೇ ಒಂದು ಬೈಠಕ್ಕಿನ ನಂತರ ಮುಚ್ಚಿದ್ದು 1918ರ ಜನವರಿಯಲ್ಲಿ. ಪಕ್ಷದೊಳಗೆ ಗುಂಪು ಕಟ್ಟುವುದನ್ನು ನಿಷೇಧಿಸಿದ್ದು 1921ರಲ್ಲಿ. ಮೂರೂ ಲೆನಿನ್ ಕಾಲದವು. ಸ್ಟಾಲಿನ್ ತುಂಬ ಒರಟ, ಅವನನ್ನು ಪ್ರಧಾನ ಕಾರ್ಯದರ್ಶಿ ಸ್ಥಾನದಿಂದ ತೆಗೆಯಿರಿ ಎಂದು ಲೆನಿನ್ 1923ರ ಜನವರಿಯಲ್ಲಿ ಬರೆಸಿದ್ದು ನಿಜ. ಆದರೆ ತಿಜೋರಿಯ ಬೀಗದ ಕೈ ಅಷ್ಟು ಹೊತ್ತಿಗೆ ಕೊಟ್ಟಾಗಿತ್ತು.

ಬೇರೆ ದಾರಿ ಇತ್ತಾ ಎಂದು ಕೇಳಿ

“ಆ ಕಾಲ ಹಾಗಿತ್ತು, ಬೇರೆ ದಾರಿ ಇರಲಿಲ್ಲ” ಅನ್ನುವ ಮಾತು ಪದೇ ಪದೇ ಬರುತ್ತದೆ. ಇದನ್ನು ಪರೀಕ್ಷಿಸಲು ಒಳ್ಳೆಯ ಉಪಾಯವಿದೆ. ಅದೇ ರಾಜ್ಯ, ಅದೇ ಪಕ್ಷ, ಅದೇ ಥರದ ಕಷ್ಟ ಎರಡು ಸಲ ಬಂದ ಪ್ರಸಂಗ ಹುಡುಕಿ.

ಬರಗಾಲವನ್ನೇ ತೆಗೆದುಕೊಳ್ಳಿ. 1921-22ರಲ್ಲಿ ವೋಲ್ಗಾ ಸೀಮೆಯಲ್ಲಿ ಕ್ಷಾಮ ಬಿತ್ತು. ಮಳೆ ಕೈಕೊಟ್ಟಿತ್ತು, ಅದಕ್ಕೂ ಮೊದಲು ರೈತರ ಧಾನ್ಯವನ್ನು ಸರ್ಕಾರವೇ ಕಿತ್ತುಕೊಂಡಿತ್ತು. ಸುಮಾರು 50 ಲಕ್ಷ ಜನ ಸತ್ತರು. ಲೆನಿನ್ ಸರ್ಕಾರಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಆದರೆ ಸಾಹಿತಿ ಗಾರ್ಕಿ ಜಗತ್ತಿನ ಮುಂದೆ ಕೈಚಾಚಿದಾಗ ಸರ್ಕಾರ ತಡೆಯಲಿಲ್ಲ. ಬದ್ಧ ವೈರಿಯಾದ ಅಮೆರಿಕದ ಪರಿಹಾರ ಸಂಸ್ಥೆಯನ್ನೇ ಒಳಗೆ ಬಿಟ್ಟುಕೊಂಡಿತು. ಒಂದು ಹಂತದಲ್ಲಿ ಆ ಸಂಸ್ಥೆ ದಿನಕ್ಕೆ ಒಂದು ಕೋಟಿ ಜನಕ್ಕೆ ಊಟ ಹಾಕುತ್ತಿತ್ತು. ಧಾನ್ಯ ಕಿತ್ತುಕೊಳ್ಳುವುದೂ ನಿಂತಿತು. ತೆರಿಗೆ ಕೊಟ್ಟು ಮಿಕ್ಕದ್ದನ್ನು ರೈತ ಮಾರಿಕೊಳ್ಳಬಹುದು ಎಂದಾಯಿತು.

ಹತ್ತೇ ವರ್ಷ ಬಿಟ್ಟು 1932-33, ಸ್ಟಾಲಿನ್ ಕಾಲ. ಉಕ್ರೇನ್, ದಕ್ಷಿಣ ರಷ್ಯಾದ ಕುಬಾನ್, ಕಜಾಕ್‌ಸ್ತಾನಗಳಲ್ಲಿ ಮತ್ತೆ ಅನ್ನವಿಲ್ಲ. ಈ ಸಲ ಏನಾಯಿತು ನೋಡಿ. 1932ರಲ್ಲೂ 15 ಲಕ್ಷ ಟನ್ನಿಗಿಂತ ಜಾಸ್ತಿ ಧಾನ್ಯ ಹೊರದೇಶಕ್ಕೆ ಹೋಯಿತು. ಸಾಮೂಹಿಕ ಹೊಲದ ಬೆಳೆ ಕದ್ದರೆ ಗುಂಡು, ಇಲ್ಲವೇ ಕಡಿಮೆಯೆಂದರೆ 10 ವರ್ಷ ಸೆರೆ ಎಂಬ ಕಾನೂನು ಆ ಆಗಸ್ಟ್ 7ಕ್ಕೆ ಬಂತು. ಹಸಿದವರು ಊರು ಬಿಟ್ಟು ಹೋಗಬಾರದೆಂದು 1933ರ ಜನವರಿಯಲ್ಲಿ ಉಕ್ರೇನ್, ಕುಬಾನ್ ರೈತರ ದಾರಿ ಕಟ್ಟಿದರು. ಹೊರಗಿನವರ ಮುಂದೆ ಕ್ಷಾಮವೇ ಇಲ್ಲ ಎಂದರು. ಉಕ್ರೇನ್ ಒಂದರಲ್ಲೇ ಸತ್ತವರು 35 ಲಕ್ಷಕ್ಕೆ ಕಡಿಮೆಯಿಲ್ಲ ಎನ್ನುತ್ತಾರೆ ಬಹುಪಾಲು ಇತಿಹಾಸಕಾರರು. ಕಜಾಕ್‌ಸ್ತಾನದಲ್ಲಿ ಸುಮಾರು 15 ಲಕ್ಷ, ಅದನ್ನು ನೆನೆಯುವವರೂ ಕಡಿಮೆ.

ಬೇರೆ ದಾರಿ ಇತ್ತು. ಆ ಪಕ್ಷಕ್ಕೇ ಅದು ಗೊತ್ತಿತ್ತು, ಒಮ್ಮೆ ಅದರಲ್ಲಿ ನಡೆದೂ ಇತ್ತು. ನನ್ನ ಮಟ್ಟಿಗೆ ಸ್ಟಾಲಿನ್ ಖಾತೆಯಲ್ಲಿ ಇದಕ್ಕಿಂತ ದೊಡ್ಡ ಆಕ್ಷೇಪಣೆ ಇಲ್ಲ.

ಒಂದರಲ್ಲಿ ಒಂದನ್ನು ಕಳೆಯಬೇಡಿ

ಬಹಳ ಜನ ಎಡವುವುದು ಇಲ್ಲಿ. ಒಂದು ಸಂಘದಲ್ಲಿ ಕಾರ್ಯದರ್ಶಿಯೊಬ್ಬ ಗೋದಾಮು ಕಟ್ಟಿಸಿದ್ದ, ಠೇವಣಿ ಹೆಚ್ಚಿಸಿದ್ದ, ಸಂಘವನ್ನು ಲಾಭಕ್ಕೆ ತಂದಿದ್ದ. ಗೊಬ್ಬರದ ಹಣವನ್ನೂ ತಿಂದಿದ್ದ. “ಸಂಘ ಬೆಳೆಸಿದಾಂವನೂ ಅವನ ಅಲ್ರಿ ಸಾಹೇಬ್ರ, ಇದರಾಗ ಅದನ್ನ ವಜಾ ಮಾಡ್ರಿ” ಎಂದು ಊರವರು ಹೇಳಿದರು. ಲಾಭದಲ್ಲಿ ದುರುಪಯೋಗವನ್ನು ವಜಾ ಮಾಡುವ ಕಾಲಂ ನಮ್ಮ ನಮೂನೆಯಲ್ಲಿ ಇಲ್ಲ. ಲಾಭದ ಪುಟ ಬೇರೆ, ದುರುಪಯೋಗದ ಪುಟ ಬೇರೆ. ಎರಡೂ ಪೂರ್ತಿ ನಿಜ.

ಸ್ಟಾಲಿನ್ ಬಗ್ಗೆ ಜಗಳ ಮುಗಿಯದಿರುವುದು ಈ ವಜಾ ಮಾಡುವ ಚಟದಿಂದಲೇ. ಮರದ ನೇಗಿಲಿನ ದೇಶವನ್ನು ಪಡೆದ, ಅಣುಬಾಂಬಿನ ದೇಶ ಮಾಡಿ ಹೋದ ಎಂಬ ಮಾತಿದೆ. ಚರ್ಚಿಲ್ ಹೇಳಿದ್ದು ಅಂತ ಹಂಚುತ್ತಾರೆ, ಅವನದ್ದಲ್ಲ. ಇಂಥ ಮಾತು ಬಂದಾಗಲೆಲ್ಲ ವೋಚರು ಕೇಳಿ. ಇರಲಿ, ಉಕ್ಕಿನ ಕಾರ್ಖಾನೆಗಳು ಬಂದದ್ದು ನಿಜ. 1937-38ರ ಎರಡು ವರ್ಷದಲ್ಲಿ 6,81,692 ಜನರನ್ನು ಕೊಂದದ್ದೂ ನಿಜ, ಅದು ರಹಸ್ಯ ಪೊಲೀಸರದ್ದೇ ಲೆಕ್ಕ. ಇಂತಿಷ್ಟು ಕಾರ್ಖಾನೆಗೆ ಇಂತಿಷ್ಟು ಹೆಣ ಎಂದು ಯಾವ ದರದಲ್ಲಿ ಸರಿದೂಗಿಸುತ್ತೀರಿ?

ಸಂಖ್ಯೆ ದೊಡ್ಡದಾದರೆ ಮನಸ್ಸು ಮಂಕಾಗುತ್ತದೆ. ಆಗ ಒಂದು ಹೆಸರು ಹಿಡಿಯಿರಿ. ವೀರೇಂದ್ರನಾಥ ಚಟ್ಟೋಪಾಧ್ಯಾಯ. ಸರೋಜಿನಿ ನಾಯ್ಡು ಅವರ ತಮ್ಮ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಸಂಬಂಧದಲ್ಲಿ ಭಾವ. ಬ್ರಿಟಿಷರ ವಿರುದ್ಧ ಯುರೋಪಿನಲ್ಲೆಲ್ಲ ಓಡಾಡಿ, ಕೊನೆಗೆ ಕಮ್ಯುನಿಸ್ಟನಾಗಿ ಲೆನಿನ್‌ಗ್ರಾಡ್‌ನಲ್ಲಿ ನೆಲೆಸಿದ್ದ. 1937ರ ಸೆಪ್ಟೆಂಬರ್ 2ರಂದು ಅವನಿಗೂ ಗುಂಡು. ಬ್ರಿಟಿಷರ ಕೈಗೆ ಸಿಗದವನನ್ನು ತಾನು ನಂಬಿದ ಸರ್ಕಾರವೇ ಮುಗಿಸಿತು.

ಎರಡನೇ ಮಹಾಯುದ್ಧದ ಗೆಲುವನ್ನೂ ಹೀಗೇ ಬೇರೆ ಪುಟದಲ್ಲಿ ಇಡಿ. ಹಿಟ್ಲರನ ಸೈನ್ಯದ ಬೆನ್ನು ಮುರಿದದ್ದು ಕೆಂಪು ಸೇನೆ, ಅನುಮಾನ ಬೇಡ. ಸೋವಿಯತ್ ಕಡೆ ಸತ್ತವರು ಸುಮಾರು 2.7 ಕೋಟಿ. ಅದಕ್ಕೂ ಮೊದಲು ಸೇನೆಯ ಅತಿ ದೊಡ್ಡ ಹುದ್ದೆಯ ಐವರು ಮಾರ್ಷಲ್‌ಗಳಲ್ಲಿ ಮೂವರನ್ನು ಮುಗಿಸಿದ್ದು ಸ್ಟಾಲಿನ್. ಗೆಲುವಿನ ವೋಚರಿನಲ್ಲಿ ಪಾವತಿ ಮಾಡಿದವರ ಹೆಸರು ಓದಿ, ಅಧ್ಯಕ್ಷರ ಸಹಿ ಆಮೇಲೆ.

ಸಹಿ ಮತ್ತು ಮುಚ್ಚಿದ ಪುಸ್ತಕ

ಸಹಿ ಅಂದಾಗ ಸ್ಟಾಲಿನ್ ನಂತರ ನಾಯಕನಾದ ಕ್ರುಶ್ಚೇವ್ ನೆನಪಾಗುತ್ತಾನೆ. 1955ರಲ್ಲಿ ಆಗಿನ ಸೋವಿಯತ್ ಪ್ರಧಾನಿ ಬುಲ್ಗಾನಿನ್ ಜೊತೆ ಬೆಂಗಳೂರಿಗೂ ಬಂದು ಹೋದವನು. 1956ರ ಫೆಬ್ರವರಿ 25ರಂದು ಪಕ್ಷದ ಮಹಾಧಿವೇಶನದಲ್ಲಿ ಬಾಗಿಲು ಹಾಕಿಕೊಂಡು ಸ್ಟಾಲಿನ್ ಅಪರಾಧಗಳನ್ನು ಓದಿ ಹೇಳಿದ. ದೊಡ್ಡ ಧೈರ್ಯ. ಆದರೆ 1938ರಿಂದ ಉಕ್ರೇನ್ ಪಕ್ಷದ ಮುಖ್ಯಸ್ಥನಾಗಿ ಅದೇ ಕೊಲೆಯ ಕಾಗದಗಳಲ್ಲಿ ಅವನ ಪಾಲೂ ಇತ್ತು. ಅದನ್ನು ಓದಿ ಹೇಳಲಿಲ್ಲ. ಅದೇ 1956ರ ನವೆಂಬರಿನಲ್ಲಿ ಹಂಗೆರಿಗೆ ಟ್ಯಾಂಕು ಕಳಿಸಿದ. 1962ರ ಜೂನ್‌ನಲ್ಲಿ ಮಾಂಸ, ಬೆಣ್ಣೆ ಬೆಲೆ ಏರಿದ್ದಕ್ಕೆ ನೊವೊಚೆರ್ಕಾಸ್ಕ್‌ನಲ್ಲಿ ಬೀದಿಗಿಳಿದ ಕಾರ್ಮಿಕರ ಮೇಲೆ ಗುಂಡು ಹಾರಿ 26 ಜನ ಸತ್ತರು. ಇನ್ನೊಂದು ಪುಟದಲ್ಲಿ, ಒಂದೇ ಅಡುಗೆಮನೆಯನ್ನು ನಾಲ್ಕೈದು ಸಂಸಾರ ಹಂಚಿಕೊಂಡು ಬದುಕುತ್ತಿದ್ದ ಕೋಟಿಗಟ್ಟಲೆ ಜನ ಅವನು ಕಟ್ಟಿಸಿದ ಐದಂತಸ್ತಿನ ಕಟ್ಟಡಗಳಲ್ಲಿ ಸ್ವಂತ ಬಾಗಿಲು ಹಾಕಿಕೊಂಡು ಮಲಗಿದರು. ಲಿಫ್ಟ್ ಇಲ್ಲ, ಗೋಡೆ ತೆಳು. ಆದರೂ ಸ್ವಂತ ಬಾಗಿಲು.

ಅವನ ಸಮಾಧಿ ಮಾಸ್ಕೋದ ನೊವೊಡೆವಿಚಿ ಸ್ಮಶಾನದಲ್ಲಿದೆ. ಕೆತ್ತಿದವನು ಅರ್ನ್ಸ್ಟ್ ನೇಯಿಜ್ವೆಸ್ಟ್ನಿ. 1962ರ ಒಂದು ಕಲಾ ಪ್ರದರ್ಶನದಲ್ಲಿ ಕ್ರುಶ್ಚೇವ್ ಎಲ್ಲರ ಮುಂದೆ ಬೈದಿದ್ದು ಇವನನ್ನೇ. ಕಪ್ಪು ಕಲ್ಲು, ಬಿಳಿ ಕಲ್ಲು ಒಂದಕ್ಕೊಂದು ಹೊಂದಿಸಿ ಇಟ್ಟಿದ್ದಾನೆ. ಎರಡನ್ನೂ ಅರೆದು ಬೂದು ಬಣ್ಣ ಮಾಡಿಲ್ಲ. ಸರಿಯಾದ ಆಡಿಟರ್.

ಕ್ರುಶ್ಚೇವ್ ನಂತರ ಬಂದ ಬ್ರೆಜ್ನೇವ್ ಬಗ್ಗೆ ಜಾಸ್ತಿ ಬೇಡ. ಸಾಮೂಹಿಕ ಹೊಲದ ರೈತರಿಗೆ ಒಳನಾಡಿನ ಪಾಸ್‌ಪೋರ್ಟ್ ಕೊಡಲು ಒಪ್ಪಿದ್ದು ಅವನ ಕಾಲದಲ್ಲಿ, 1974ರಲ್ಲಿ. 1932ರಿಂದ ಅವರು ಅದಿಲ್ಲದೆ ಊರಿಗೆ ಅಂಟಿಕೊಂಡಿದ್ದರು. 1968ರಲ್ಲಿ ಪ್ರಾಗ್‌ಗೆ, 1979ರಲ್ಲಿ ಅಫ್ಘಾನಿಸ್ತಾನಕ್ಕೆ ಸೈನ್ಯ ನುಗ್ಗಿಸಿದ್ದು ಇನ್ನೊಂದು ಪುಟಕ್ಕೆ. ಅವನಲ್ಲಿ ನಾನು ನೋಡುವುದು ಬೇರೆಯೇ: 1970ರ ದಶಕದ ಆರಂಭದಲ್ಲಿ ಶಿಶು ಮರಣದ ಅಂಕಿ ಏರತೊಡಗಿತು, ದಶಕದ ನಡುವೆ ಸರ್ಕಾರ ಅದನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಸ್ಟಾಲಿನ್ 1937ರ ಜನಗಣತಿ ಮಾಡಿಸಿ, ಜನಸಂಖ್ಯೆ ತಾನು ಹೇಳಿದ್ದಕ್ಕಿಂತ ಕಡಿಮೆ ಬಂದದ್ದಕ್ಕೆ ಗಣತಿಯನ್ನೇ ರದ್ದು ಮಾಡಿ, ಮಾಡಿದ ಅಧಿಕಾರಿಗಳನ್ನು ಹಿಡಿಸಿದ. ಪುಸ್ತಕ ಸಿಗುತ್ತಿಲ್ಲ ಅಂದರೆ ನಷ್ಟ ಎಲ್ಲಿದೆ ಅಂತ ನಮಗೆ ಗೊತ್ತಾಗುತ್ತಿತ್ತು. ಇಲ್ಲೂ ಅಷ್ಟೇ. ಯಾವ ವರ್ಷದ ಅಂಕಿ ಕಾಣೆಯಾಗಿದೆಯೋ ಆ ವರ್ಷದಿಂದ ಓದಲು ಶುರು ಮಾಡಿ.

ಚಾರ್ಜ್ ಬಿಟ್ಟುಕೊಟ್ಟವನ ಖಾತೆ

ಕೊನೆಯ ಸೋವಿಯತ್ ನಾಯಕ ಗೋರ್ಬಚೇವ್ ಅತಿ ಕಷ್ಟದ ಕೇಸು. ಪುಸ್ತಕಗಳನ್ನು ತೆರೆದವನು ಅವನೇ. ಸುಮಾರು 22 ಸಾವಿರ ಪೋಲಿಷ್ ಬಂದಿಗಳನ್ನು 1940ರಲ್ಲಿ ಕೊಂದದ್ದು ಜರ್ಮನರಲ್ಲ, ನಮ್ಮವರೇ ಎಂದು 1990ರಲ್ಲಿ ಒಪ್ಪಿಕೊಂಡ. ಆದರೆ 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಟಿವಿಯಲ್ಲಿ ಬಾಯಿಬಿಟ್ಟದ್ದು ಮೇ 14ಕ್ಕೆ. ನಡುವೆ ಕೀವ್‌ನಲ್ಲಿ ಮೇ ದಿನದ ಮೆರವಣಿಗೆಯೂ ನಡೆಯಿತು, ಮಕ್ಕಳ ಸಮೇತ.

ರಷ್ಯಾದ ಗಂಡಸರ ಸರಾಸರಿ ಆಯಸ್ಸು 1987ರಲ್ಲಿ 65ರ ಹತ್ತಿರವಿತ್ತು. ಗೋರ್ಬಚೇವ್ ಮದ್ಯಕ್ಕೆ ಕಡಿವಾಣ ಹಾಕಿದ್ದೂ ಅದಕ್ಕೆ ಒಂದು ಕಾರಣ. ಅದೇ ಕಡಿವಾಣದಿಂದ ಖಜಾನೆಗೆ ತೂತು ಬಿತ್ತು. 1994ಕ್ಕೆ ಆಯಸ್ಸು 58ಕ್ಕಿಂತ ಕೆಳಗೆ ಇಳಿಯಿತು. ಆಗ ಕುರ್ಚಿಯಲ್ಲಿದ್ದವನು ಯೆಲ್ತ್ಸಿನ್. ಈ ಇಳಿತ ಯಾರ ಖಾತೆಗೆ? ನಾನು ಇಬ್ಬರ ಪುಟದಲ್ಲೂ ಬರೆಯುತ್ತೇನೆ. ಕೊಟ್ಟವನು ಯಾವ ಸ್ಥಿತಿಯಲ್ಲಿ ಕೊಟ್ಟ, ತೆಗೆದುಕೊಂಡವನು ಏನು ಮಾಡಿದ, ಎರಡಕ್ಕೂ ಉತ್ತರ ಬೇಕು.

ಪೂರ್ವ ಯುರೋಪ್ 1989ರಲ್ಲಿ ಕೈಬಿಟ್ಟು ಹೋಗುವಾಗ ಟ್ಯಾಂಕು ಕಳಿಸಲಿಲ್ಲ ಅನ್ನುವುದು ಗೋರ್ಬಚೇವ್‌ನ ಜಮಾ ಕಡೆಯ ಅತಿ ದೊಡ್ಡ ಬಾಬ್ತು. ಒಂದು ಆಕ್ಷೇಪಣೆ ಮಾತ್ರ ಬಾಕಿ. 1991ರ ಜನವರಿ 13ರಂದು ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಟಿವಿ ಗೋಪುರ ಹಿಡಿಯಲು ಹೋದ ಸೈನ್ಯದಿಂದ 14 ಜನ ಸತ್ತರು. ಆದೇಶ ನನ್ನದಲ್ಲ ಎಂದ ಗೋರ್ಬಚೇವ್. ಆಗಿನ ರಕ್ಷಣಾ ಮಂತ್ರಿ ಯಾಜೊವ್‌ಗೆ ಲಿಥುವೇನಿಯಾದ ಕೋರ್ಟು 2019ರಲ್ಲಿ, ಅವನ ಗೈರುಹಾಜರಿಯಲ್ಲೇ, 10 ವರ್ಷ ಶಿಕ್ಷೆ ಕೊಟ್ಟಿತು. ಆ ಕೇಸಿನಲ್ಲಿ ಸಾಕ್ಷಿ ಹೇಳಲು ಗೋರ್ಬಚೇವ್ ಒಪ್ಪಲಿಲ್ಲ. 2022ರಲ್ಲಿ ಸತ್ತವರ ಮನೆಯವರು ಅವನ ಮೇಲೇ ದಾವೆ ಹೂಡಿದರು, ಅದೇ ಆಗಸ್ಟಿನಲ್ಲಿ ಅವನು ತೀರಿಕೊಂಡ. ಆದೇಶದ ಕಾಗದ ಸಿಗುವವರೆಗೆ ಆ ಸಾಲಿನ ಮುಂದೆ ನಾನು ‘ವಿವರಣೆ ಬಂದಿಲ್ಲ’ ಅಂತಲೇ ಬರೆದಿಟ್ಟಿರುತ್ತೇನೆ.